ಡ್ರೈವರ್ ಸೀಟಿಗೆ ಮನುಷ್ಯನ ಅಳತೆ ಹಿಡಿದ ಹೆನ್ರಿ ಡ್ರೈಫಸ್

ಸೀಟು ಮೆತ್ತಗಿದ್ದಷ್ಟೂ ಹಿತ ಎನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಹೊಸ ಕಾರು ಮನೆಗೆ ಬಂದ ವಾರದಲ್ಲೇ ಜೆಲ್ ಕುಶನ್, ಸೊಂಟಕ್ಕೊಂದು ದಿಂಬು, ಮರದ ಮಣಿಗಳ ಹಾಸು ಎಲ್ಲವೂ ಡ್ರೈವರ್ ಸೀಟಿನ ಮೇಲೆ ಬಂದು ಕೂರುತ್ತವೆ. ಆದರೂ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗಿ ಇಳಿಯುವಾಗ ಸೊಂಟ ಹಿಡಿದುಕೊಂಡಿರುತ್ತದೆ, ಬಲಗಾಲು ಜೋಮು ಹಿಡಿದಿರುತ್ತದೆ. ಸೀಟಿನ ಹಿತ ಬಹುಪಾಲು ಅಳತೆಯ ಪ್ರಶ್ನೆ, ಮೆತ್ತೆಯ ಮಾತು ಆಮೇಲಿನದು. ಇದನ್ನು ಕಾರ್ಖಾನೆಗಳಿಗೆ ಒಪ್ಪಿಸಲು ಜೀವಮಾನದ ಬಹುಭಾಗ ಕಳೆದವರಲ್ಲಿ ಅಮೆರಿಕದ ವಿನ್ಯಾಸಕ ಹೆನ್ರಿ ಡ್ರೈಫಸ್ ಒಬ್ಬರು. ವಿನ್ಯಾಸದ ವಿದ್ಯಾರ್ಥಿಗಳಿಗೆ ಅವರ ಹೆಸರು ಟೆಲಿಫೋನಿನ ಜೊತೆ ನೆನಪಾಗುತ್ತದೆ. ನಾವು ಇಲ್ಲಿ ಅವರನ್ನು ಡ್ರೈವರ್ ಸೀಟಿನ ಕಡೆಯಿಂದ ನೋಡಲು ಹೊರಟಿದ್ದೇವೆ.

ಡ್ರೈಫಸ್ ಹುಟ್ಟಿದ್ದು 1904ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಮನೆಯವರದು ನಾಟಕ ಕಂಪನಿಗಳಿಗೆ ಸಾಮಾನು ಒದಗಿಸುವ ವ್ಯಾಪಾರ. ಹುಡುಗನೂ ರಂಗದತ್ತಲೇ ಹೋದ. ಹೆಸರಾಂತ ರಂಗವಿನ್ಯಾಸಕ ನಾರ್ಮನ್ ಬೆಲ್ ಗೆಡ್ಡಿಸ್ ಬಳಿ ಕೆಲಸ ಕಲಿತು, ಇಪ್ಪತ್ತರ ಆಸುಪಾಸಿನಲ್ಲೇ ನ್ಯೂಯಾರ್ಕಿನ ಸ್ಟ್ರಾಂಡ್ ಥಿಯೇಟರಿಗೆ ರಂಗಸಜ್ಜಿಕೆ ಮಾಡತೊಡಗಿದ. 1929ರಲ್ಲಿ ಸ್ವಂತ ವಿನ್ಯಾಸ ಕಚೇರಿ ತೆರೆದರು. ಮರುವರ್ಷ ಡೋರಿಸ್ ಮಾರ್ಕ್ಸ್ ಅವರನ್ನು ಮದುವೆಯಾದರು. ಡೋರಿಸ್ ಮನೆಯಲ್ಲಿ ಮಾತ್ರವಲ್ಲ, ಕಚೇರಿಯ ವ್ಯವಹಾರದಲ್ಲೂ ಸರಿಪಾಲುದಾರರು. ಡ್ರೈಫಸ್ ಸದಾ ಕಂದು ಬಣ್ಣದ ಸೂಟನ್ನೇ ತೊಡುತ್ತಿದ್ದರು. ಎದುರಿಗೆ ಕೂತ ಗ್ರಾಹಕರಿಗೆ ನೇರವಾಗಿ ಕಾಣಲೆಂದು ಕಾಗದದ ಮೇಲೆ ಚಿತ್ರವನ್ನು ತಲೆಕೆಳಗಾಗಿ ಬರೆಯುತ್ತಿದ್ದರು. ಇದು ತಮಾಷೆಯಾಗಿ ಕಂಡರೂ ಎದುರಿಗಿರುವವರ ಜಾಗದಿಂದ ನೋಡುವ ಅವರ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಸಿಕ್ಕಿಲ್ಲ.

ಆ ಅಭ್ಯಾಸ ಬೆಳೆದ ಒಂದು ಪ್ರಸಂಗವನ್ನು ಡ್ರೈಫಸ್ ತಮ್ಮ ಪುಸ್ತಕದಲ್ಲಿ ವಿವರವಾಗಿ ಹೇಳಿಕೊಂಡಿದ್ದಾರೆ. ಆರ್‌ಕೆಒ ಎಂಬ ಚಿತ್ರಸಂಸ್ಥೆ ಅಯೋವಾ ರಾಜ್ಯದ ಸೂ ಸಿಟಿಯಲ್ಲಿ ಭರ್ಜರಿ ಚಿತ್ರಮಂದಿರ ಕಟ್ಟಿಸಿತ್ತು. ಜನ ಮಾತ್ರ ಒಳಗೆ ಬರುತ್ತಿರಲಿಲ್ಲ. ಡ್ರೈಫಸ್ ಅಲ್ಲಿಗೆ ಹೋಗಿ ಟಿಕೆಟ್ ದರ ಇಳಿಸಿ ನೋಡಿದರು, ಒಂದೇ ಟಿಕೆಟಿಗೆ ಮೂರು ಸಿನಿಮಾ ಕೊಟ್ಟರು, ಪಿಂಗಾಣಿ ತಟ್ಟೆಗಳನ್ನು ಪುಕ್ಕಟೆ ಹಂಚಿದರು. ಏನೂ ಫಲವಿಲ್ಲ. ಕೊನೆಗೆ ಬಾಗಿಲ ಬಳಿ ನಿಂತು ಜನರ ಮಾತು ಕೇಳಿಸಿಕೊಂಡರು. ಅಲ್ಲಿನವರು ಹೆಚ್ಚಾಗಿ ರೈತರು, ಕೂಲಿಕಾರರು. ಒಳಗೆ ಹಾಸಿದ್ದ ದುಬಾರಿ ಕಾರ್ಪೆಟ್ಟನ್ನು ಮಣ್ಣು ಮೆತ್ತಿದ ಬೂಟಿನಿಂದ ತುಳಿಯಲು ಅವರಿಗೆ ಅಳುಕು. ಕಾರ್ಪೆಟ್ ಕಿತ್ತು ಸಾದಾ ರಬ್ಬರ್ ಹಾಸು ಹಾಕಿಸಿದ ಮೇಲೆ ಚಿತ್ರಮಂದಿರ ತುಂಬಿತು.

1930ರಲ್ಲಿ ಬೆಲ್ ಲ್ಯಾಬ್ಸ್ ಮುಂದಿನ ಕಾಲದ ಟೆಲಿಫೋನಿನ ಚಿತ್ರ ಬರೆದುಕೊಡಲು ಕೆಲವು ಕಲಾವಿದರಿಗೆ ತಲಾ ಸಾವಿರ ಡಾಲರ್ ಕೊಡಲು ಮುಂದೆ ಬಂದಿತ್ತು. ಡ್ರೈಫಸ್ ಒಲ್ಲೆ ಎಂದರು. ಒಳಗಿನ ಯಂತ್ರ ಮಾಡುವ ಎಂಜಿನಿಯರುಗಳ ಜೊತೆ ಕೂರದೆ ಹೊರಗಿನ ಆಕಾರವನ್ನಷ್ಟೇ ಬರೆದುಕೊಡುವುದರಲ್ಲಿ ಅರ್ಥವಿಲ್ಲ ಎನ್ನುವುದು ಅವರ ವಾದ. ಕೆಲಕಾಲದ ನಂತರ ಕಂಪನಿಯೇ ಅವರ ಷರತ್ತಿಗೆ ಒಪ್ಪಿ ಬಂತು. ನಮ್ಮ ಅಜ್ಜ ಅಜ್ಜಿಯರ ಕಾಲದ, ಬೆರಳಿಟ್ಟು ತಿರುಗಿಸುವ ಕಪ್ಪು ಫೋನಿನ ರೂಪ ನೆನಪಿದ್ದರೆ, ಡ್ರೈಫಸ್ ಕೈಯಾಡಿಸಿದ 1937ರ ಮತ್ತು 1949ರ ಬೆಲ್ ಫೋನುಗಳು ಆ ಮನೆತನಕ್ಕೆ ಸೇರಿದವು.

ಗೋಡೆಯ ಮೇಲೊಬ್ಬ ಡ್ರೈವರ್

ಸೀಟಿನ ಕಥೆ ಶುರುವಾಗುವುದು ಎರಡನೇ ಮಹಾಯುದ್ಧದ ನಂತರ. ಸೈನ್ಯದ ಟ್ಯಾಂಕ್ ಓಡಿಸುವವನು ಕೂರುವ ಜಾಗವನ್ನು ಸರಿಪಡಿಸುವ ಕೆಲಸ ಡ್ರೈಫಸ್ ಕಚೇರಿಗೆ ಬಂತು. ಟ್ಯಾಂಕಿನೊಳಗೆ ಜಾಗ ಎಂಬುದೇ ಇಲ್ಲ. ಕಾಲು ಎಲ್ಲಿಗೆ ಚಾಚುತ್ತದೆ, ಮೊಣಕಾಲು ಎಲ್ಲಿ ತಗಲುತ್ತದೆ, ಕಣ್ಣು ಯಾವ ಎತ್ತರದಲ್ಲಿರುತ್ತದೆ ಎಂಬ ಲೆಕ್ಕ ಒಂದಿಂಚು ತಪ್ಪಿದರೂ ಒಳಗಿರುವವನಿಗೆ ಪ್ರಾಣಕ್ಕೇ ಕುತ್ತು. ಈ ಅಳತೆಗಳೆಲ್ಲ ಒಂದೇ ಕಡೆ ಸಿಗುವ ಪುಸ್ತಕ ಆಗ ಇರಲಿಲ್ಲ. ಸೈನ್ಯದ ಕಡತಗಳಲ್ಲಿ ಕೆಲವು, ವೈದ್ಯರ ಬಳಿ ಕೆಲವು, ಹೀಗೆ ಚದುರಿದ್ದವು. ಕಚೇರಿಯವರು ಅವನ್ನು ಕೂಡಿಸಿ, ಟ್ಯಾಂಕಿನೊಳಗೆ ಕೂತ ಮನುಷ್ಯನ ಆಳೆತ್ತರದ ಚಿತ್ರ ಮಾಡಿ ಗೋಡೆಗೆ ಹಚ್ಚಿದರು.

ಆ ಗೋಡೆಯ ಮನುಷ್ಯನೇ ಮುಂದೆ 'ಜೋ' ಆದ. ಅವನ ಪಕ್ಕದಲ್ಲಿ 'ಜೋಸೆಫಿನ್' ಬಂದಳು. 1955ರಲ್ಲಿ ಡ್ರೈಫಸ್ ಬರೆದ 'ಡಿಸೈನಿಂಗ್ ಫಾರ್ ಪೀಪಲ್' ಪುಸ್ತಕದಲ್ಲಿ ಈ ಇಬ್ಬರೇ ನಾಯಕ ನಾಯಕಿಯರು. 1960ರಲ್ಲಿ ಬಂದ 'ದಿ ಮೆಷರ್ ಆಫ್ ಮ್ಯಾನ್' ಅವರ ಅಳತೆಗಳನ್ನೇ ದೊಡ್ಡ ನಕ್ಷೆಗಳಾಗಿ ಎಂಜಿನಿಯರುಗಳ ಕೈಗಿತ್ತಿತು. ಈ ನಕ್ಷೆಗಳನ್ನು ಕೂತು ಬರೆದವರು ಹೆಚ್ಚಾಗಿ ಅವರ ಕಚೇರಿಯ ಆಲ್ವಿನ್ ಟಿಲ್ಲಿ ಎನ್ನುವುದನ್ನೂ ಇಲ್ಲೇ ಹೇಳಿಬಿಡೋಣ. ಪ್ರತಿ ಅಳತೆಗೂ ಚಿಕ್ಕ ಮೈಕಟ್ಟಿನವರಿಗಿಷ್ಟು, ಮಧ್ಯಮದವರಿಗಿಷ್ಟು, ದೊಡ್ಡವರಿಗಿಷ್ಟು ಎಂದು ಅಂಕಿಗಳಿದ್ದವು. ಒಂದೇ ಸಂಖ್ಯೆಯ ಬದಲು ಒಂದು ವ್ಯಾಪ್ತಿ ಕೊಟ್ಟದ್ದೇ ಇಲ್ಲಿನ ದೊಡ್ಡ ವಿಷಯ.

ಏಕೆ ದೊಡ್ಡದು? ಸರಾಸರಿ ಮನುಷ್ಯನಿಗೆ ಹೊಂದುವ ಸೀಟು ಮಾಡಿದರೆ ಹೆಚ್ಚು ಜನರಿಗೆ ಹೊಂದುತ್ತದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಅಮೆರಿಕದ ವಾಯುಸೇನೆಗೂ ಹಾಗೇ ಅನ್ನಿಸಿತ್ತು. ಅಲ್ಲಿನ ಸಂಶೋಧಕ ಗಿಲ್ಬರ್ಟ್ ಡೇನಿಯಲ್ಸ್ 4,063 ಪೈಲಟ್‌ಗಳ ಅಳತೆಗಳನ್ನು ಪರೀಕ್ಷಿಸಿ 1952ರಲ್ಲಿ ವರದಿ ಕೊಟ್ಟರು. ಎತ್ತರ, ಎದೆ ಸುತ್ತಳತೆ, ತೋಳಿನ ಉದ್ದ ಮುಂತಾದ ಹತ್ತು ಅಳತೆಗಳನ್ನು ಆರಿಸಿ, ಪ್ರತಿಯೊಂದರಲ್ಲೂ ನಡುವಿನ ಶೇ. 30ರಷ್ಟು ಜನರನ್ನು ಸರಾಸರಿ ಎಂದು ಉದಾರವಾಗಿಯೇ ಲೆಕ್ಕ ಹಿಡಿದರು. ಹತ್ತೂ ಅಳತೆಗಳಲ್ಲಿ ಸರಾಸರಿಯಾಗಿದ್ದವರು ಎಷ್ಟು ಜನ? ಒಬ್ಬರೂ ಇಲ್ಲ. ಉದ್ದ ಕಾಲಿನವರಿಗೆ ಮುಂಡ ಗಿಡ್ಡವಿರಬಹುದು, ಕುಳ್ಳಗಿರುವವರಿಗೆ ತೋಳು ಉದ್ದವಿರಬಹುದು. ಸರಾಸರಿಗೆಂದು ಮಾಡಿದ ಸೀಟು ಯಾರಿಗೂ ಸರಿಯಾಗಿ ಹೊಂದದ ಸೀಟಾಗುತ್ತದೆ. ಉಳಿಯುವ ದಾರಿ ಒಂದೇ: ಸೀಟು ಹಿಂದೆ ಮುಂದೆ, ಮೇಲೆ ಕೆಳಗೆ ಸರಿಯಬೇಕು.

ಕಬ್ಬಿಣದ ತಟ್ಟೆಯಿಂದ ಕುರ್ಚಿಗೆ

ಡ್ರೈಫಸ್ ಇದನ್ನು ಅತಿ ಹೆಚ್ಚು ಕಾಲ ಪ್ರಯೋಗಿಸಿದ್ದು ಟ್ರ್ಯಾಕ್ಟರಿನ ಮೇಲೆ. 1937ರಲ್ಲಿ ಜಾನ್ ಡೀರ್ ಕಂಪನಿಯ ಕೆಲಸ ಒಪ್ಪಿಕೊಂಡ ಅವರು ಆ ನಂಟನ್ನು ಕೊನೆತನಕ ಉಳಿಸಿಕೊಂಡರು. ತಾವೇ ಟ್ರ್ಯಾಕ್ಟರ್ ಹತ್ತಿ ಓಡಿಸಿದರು, ಹೊಲಕ್ಕೆ ಗೊಬ್ಬರವನ್ನೂ ಹರಡಿದರು. ಆಗಿನ ಟ್ರ್ಯಾಕ್ಟರ್ ಸೀಟೆಂದರೆ ಬಾಗಿದ ಒಂದು ಕಬ್ಬಿಣದ ತಟ್ಟೆ, ಅದರ ಕೆಳಗೊಂದು ಉಕ್ಕಿನ ಪಟ್ಟಿ. ಬೆನ್ನಿಗೆ ಆಸರೆಯೇ ಇಲ್ಲ. ಅದರ ಮೇಲೆ ದಿನಕ್ಕೆ ಹತ್ತು ಹನ್ನೆರಡು ಗಂಟೆ.

ಅಂಥ ಸೀಟಿನಲ್ಲಿ ಮೈಗೆ ಏನಾಗುತ್ತದೆ ಎಂದು ನೋಡೋಣ. ನಿಂತಾಗ ಸೊಂಟದ ಬಳಿ ಬೆನ್ನುಮೂಳೆ ಒಳಕ್ಕೆ ಬಾಗಿರುತ್ತದೆ. ಆಸರೆಯಿಲ್ಲದೆ ಕೂತಾಗ ಸೊಂಟದ ಎಲುಬು ಹಿಂದಕ್ಕೆ ಉರುಳಿ ಆ ಬಾಗು ಚಪ್ಪಟೆಯಾಗುತ್ತದೆ. ಪೆಡಲ್ ತುಳಿಯಲು ಕಾಲು ಚಾಚಿದಷ್ಟೂ ತೊಡೆಯ ಹಿಂಬದಿಯ ಸ್ನಾಯುಗಳು ಅದನ್ನು ಇನ್ನಷ್ಟು ಎಳೆಯುತ್ತವೆ. ಬೆನ್ನುಮೂಳೆಯ ನಡುವಿನ ಬಿಲ್ಲೆಗಳ ಮುಂಭಾಗ ಒತ್ತಿ, ಹಿಂಭಾಗ ಹಿಗ್ಗುತ್ತದೆ. ಇದರ ಮೇಲೆ ನಡುಕ ಬೇರೆ. ಕೂತ ಮನುಷ್ಯನ ಮುಂಡ ಸೆಕೆಂಡಿಗೆ ಸುಮಾರು 4ರಿಂದ 6 ಸಲ ಮೇಲೆ ಕೆಳಗೆ ಆಡುವ ಅಲುಗಾಟಕ್ಕೆ ಹೆಚ್ಚು ಓಗೊಡುತ್ತದೆ. ಉಬ್ಬು ತಗ್ಗಿನ ನೆಲದಲ್ಲಿ ವಾಹನ ಕೊಡುವ ಅಲುಗಾಟವೂ ಸುಮಾರು ಇದೇ ಲಯದ್ದು. ಸೀಟು ಬರೀ ಮೆತ್ತಗಿದ್ದರೆ ಮೈ ಅದರಲ್ಲಿ ಹುದುಗುತ್ತದೆ. ಭಾರ ಹೊರಬೇಕಾದ ಕೂರುವ ಮೂಳೆಗಳನ್ನು ಬಿಟ್ಟು ತೊಡೆಯ ಪಕ್ಕಗಳ ಮೇಲೆ ಒತ್ತಡ ಬೀಳುತ್ತದೆ.

1950ರ ದಶಕದ ಕೊನೆಯಲ್ಲಿ ಜಾನ್ ಡೀರ್ ತನ್ನ ಟ್ರ್ಯಾಕ್ಟರುಗಳನ್ನು ಬುಡದಿಂದಲೇ ಹೊಸದಾಗಿ ಮಾಡಲು ಹೊರಟಾಗ, ಸೀಟಿಗಾಗಿ ಡ್ರೈಫಸ್ ಒಬ್ಬ ವೈದ್ಯೆಯ ಸಲಹೆ ಪಡೆದರು. ಅವರು ಡಾ. ಜಾನೆಟ್ ಟ್ರಾವೆಲ್, ಸ್ನಾಯು ನೋವಿನ ತಜ್ಞೆ. ಬೆನ್ನುನೋವಿನಿಂದ ನರಳುತ್ತಿದ್ದ ಜಾನ್ ಕೆನಡಿ ಅವರಿಗೆ ಚಿಕಿತ್ಸೆ ಕೊಡುತ್ತಿದ್ದರು, 1961ರಲ್ಲಿ ಅಧ್ಯಕ್ಷರ ಖಾಸಗಿ ವೈದ್ಯರೂ ಆದರು. ಕುರ್ಚಿಗಳು ಮಾಡುವ ಅಪಚಾರಗಳ ಪಟ್ಟಿಯೇ ಅವರ ಬಳಿ ಇತ್ತು. ಕೆಳಬೆನ್ನಿಗೆ ಆಸರೆ ಇಲ್ಲದಿರುವುದು, ಒರಗು ನೆಟ್ಟಗಿರುವುದು, ಮುಂದಂಚು ಎತ್ತರವಾಗಿ ತೊಡೆಯ ರಕ್ತಸಂಚಾರ ತಡೆಯುವುದು, ನಡುವೆ ಗುಂಡಿ ಬೀಳುವಷ್ಟು ಮೆತ್ತಗಿರುವುದು ಅದರಲ್ಲಿ ಸೇರಿದ್ದವು. 1960ರ ಆಗಸ್ಟ್‌ನಲ್ಲಿ ಡಲ್ಲಾಸ್‌ನಲ್ಲಿ ಹೊಸ ಟ್ರ್ಯಾಕ್ಟರುಗಳು ಹೊರಬಂದಾಗ ಅವುಗಳಲ್ಲಿ ಬೆನ್ನಿಗೆ ಆಸರೆಯುಳ್ಳ, ಓಡಿಸುವವರ ತೂಕಕ್ಕೂ ಎತ್ತರಕ್ಕೂ ಹೊಂದಿಸಿಕೊಳ್ಳಬಹುದಾದ ಸೀಟಿತ್ತು. ಹೊಲದ ಕೆಲಸಗಾರನ ಸೊಂಟಕ್ಕೂ ಅಧ್ಯಕ್ಷರ ಸೊಂಟಕ್ಕೂ ಒಬ್ಬರೇ ಡಾಕ್ಟರು ಎನ್ನುವುದು ನಮಗೆ ಬಹಳ ಹಿಡಿಸಿದ ವಿವರ.

ಜೋಸೆಫಿನ್ ಎಲ್ಲಿ ಕೂತಳು?

ಡ್ರೈಫಸ್ ಅವರನ್ನು ಹೊಗಳಿ ಮುಗಿಸುವ ಬರಹಗಳು ಸಾಮಾನ್ಯವಾಗಿ ಬಿಟ್ಟುಬಿಡುವ ಒಂದು ಸಂಗತಿ ಇದೆ. 1955ರ ಪುಸ್ತಕದಲ್ಲಿ ಜೋ ಟ್ಯಾಂಕಿನೊಳಗೆ ಕೂರುತ್ತಾನೆ, ಟ್ರ್ಯಾಕ್ಟರ್ ಓಡಿಸುತ್ತಾನೆ. ಜೋಸೆಫಿನ್‌ಗೆ ಸಿಗುವ ಪಾತ್ರಗಳು ಇಸ್ತ್ರಿ ಹಾಕುವುದು, ಮನೆ ಗುಡಿಸುವ ಯಂತ್ರ ತಳ್ಳುವುದು, ಟೈಪ್ ಮಾಡುವುದು, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂರುವುದು. ಅವಳ ಅಳತೆ ಗೋಡೆಯ ಮೇಲಿತ್ತು, ಸ್ಟೀರಿಂಗ್ ಮಾತ್ರ ಅವಳ ಕೈಗೆ ಬರಲಿಲ್ಲ. ಅಂಕಿಗಳಲ್ಲೂ ದೊಡ್ಡ ಪಾಲು ಸೈನಿಕರನ್ನು ಅಳೆದು ಪಡೆದದ್ದು. ಅದು ಆ ಕಾಲದ ರೂಢಿ ಎನ್ನಬಹುದು. ಆದರೆ ಎದುರಿಗಿರುವವರ ಜಾಗದಿಂದ ನೋಡಬಲ್ಲವರೇ ಇದನ್ನು ನೋಡದೆ ಹೋದದ್ದು ನಮಗೆ ಸಣ್ಣ ವಿಷಯ ಎನ್ನಿಸುವುದಿಲ್ಲ. ಕಾರು ಉದ್ಯಮ ಜೋವನ್ನೇ ಎತ್ತಿಕೊಂಡಿತು. ಅಪಘಾತದ ಪರೀಕ್ಷೆಗೆ ದಶಕಗಳ ಕಾಲ ಮುಖ್ಯವಾಗಿ ಬಳಸಿದ ಗೊಂಬೆ ಸುಮಾರು 175 ಸೆಂ.ಮೀ. ಎತ್ತರ, 78 ಕಿಲೋ ತೂಕದ ಗಂಡಸಿನದು. ಐದಡಿಯ ಹೆಂಗಸು ಪೆಡಲ್ ಎಟುಕಲೆಂದು ಸೀಟನ್ನು ಮುಂದೆಳೆದುಕೊಂಡರೆ ಎದೆ ಸ್ಟೀರಿಂಗಿಗೆ ತೀರಾ ಹತ್ತಿರ ಬರುತ್ತದೆ. ಹಿಂದೆ ಸರಿದರೆ ಕ್ಲಚ್ ಪೂರ್ತಿ ಒತ್ತಲಾಗದು. ಸೀಟಿನ ತಳ ಅವಳ ತೊಡೆಗಿಂತ ಉದ್ದವಿದ್ದರೆ ಬೆನ್ನು ಒರಗಿಗೆ ತಾಗುವುದೇ ಇಲ್ಲ.

1969ರಲ್ಲಿ ಡ್ರೈಫಸ್ ಕಚೇರಿಯಿಂದ ನಿವೃತ್ತರಾದರು. ಭಾಷೆ ಬಾರದವರೂ ಯಂತ್ರ ನಡೆಸುವಂತೆ ಚಿಹ್ನೆಗಳನ್ನು ಸಂಗ್ರಹಿಸಿದ ಅವರ ಕೊನೆಯ ದೊಡ್ಡ ಪುಸ್ತಕ 1972ರಲ್ಲಿ ಬಂತು. ಅದೇ ವರ್ಷದ ಅಕ್ಟೋಬರ್ 5ರಂದು, ಕ್ಯಾಲಿಫೋರ್ನಿಯಾದ ಸೌತ್ ಪಸಡೀನಾದ ಮನೆಯಲ್ಲಿ ಅವರೂ, ಕ್ಯಾನ್ಸರಿನ ಕೊನೆಯ ಹಂತದಲ್ಲಿದ್ದ ಡೋರಿಸ್ ಕೂಡ ಒಟ್ಟಿಗೆ ತಮ್ಮ ಬದುಕು ಮುಗಿಸಿಕೊಂಡರು. ಅವರಿಗೆ 68 ವರ್ಷ.

ಕಚೇರಿ ಕೆಲಸ ನಿಲ್ಲಿಸಲಿಲ್ಲ. 1974ರಲ್ಲಿ ನೀಲ್ಸ್ ಡಿಫ್ರಿಯೆಂಟ್, ಟಿಲ್ಲಿ ಮತ್ತಿತರರ 'ಹ್ಯೂಮನ್‌ಸ್ಕೇಲ್' ಬಂತು. 1993ರ ಆವೃತ್ತಿಯ ಹೆಸರೇ 'ದಿ ಮೆಷರ್ ಆಫ್ ಮ್ಯಾನ್ ಅಂಡ್ ವುಮನ್' ಎಂದಾಯಿತು. ನಮ್ಮ ದೇಶದಲ್ಲಿ ದೇಬ್‌ಕುಮಾರ್ ಚಕ್ರವರ್ತಿ ಅವರು ಭಾರತೀಯರ ದೇಹದ ಅಳತೆಗಳನ್ನು ಕೂಡಿಸಿದ ಪುಸ್ತಕವನ್ನು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1997ರಲ್ಲಿ ಪ್ರಕಟಿಸಿತು.

ಇನ್ನು ನಿಮ್ಮ ಕಾರಿನ ಸೀಟು. ಹೊಂದಿಸುವ ಕೆಲಸವನ್ನು ಕಾಲಿನಿಂದ ಶುರುಮಾಡಿ. ಕ್ಲಚ್ ಪೂರ್ತಿ ಒತ್ತಿದಾಗಲೂ ಮೊಣಕಾಲು ತುಸು ಮಡಚಿರಬೇಕು. ಎತ್ತರ ಏರಿಸುವ ವ್ಯವಸ್ಥೆ ಇದ್ದರೆ ರಸ್ತೆ ಚೆನ್ನಾಗಿ ಕಾಣುವಷ್ಟು ಏರಿಸಿ. ಒರಗನ್ನು ನೆಟ್ಟಗೆ 90 ಡಿಗ್ರಿಯಲ್ಲಿ ನಿಲ್ಲಿಸಬೇಕೆಂಬುದು ತಪ್ಪು ತಿಳಿವಳಿಕೆ. 100ರಿಂದ 110 ಡಿಗ್ರಿ ಬೆನ್ನಿಗೆ ಹಗುರ. ಭುಜ ಒರಗಿಗೆ ತಾಗಿರುವಾಗಲೇ ಮಣಿಕಟ್ಟು ಸ್ಟೀರಿಂಗಿನ ಮೇಲಂಚಿಗೆ ಎಟುಕಬೇಕು, ಎದೆಗೂ ಸ್ಟೀರಿಂಗಿಗೂ ಕನಿಷ್ಠ 25 ಸೆಂ.ಮೀ. ಅಂತರವಿರಬೇಕು. ಮೊಣಕಾಲ ಹಿಂಬದಿಗೂ ಸೀಟಿನ ಮುಂದಂಚಿಗೂ ನಡುವೆ ಎರಡು ಮೂರು ಬೆರಳು ತೂರಬೇಕು. ಸೊಂಟದ ಆಸರೆ ಸಾಲದಿದ್ದರೆ ಸಣ್ಣ ಟವೆಲ್ ಸುತ್ತಿ, ಬೆಲ್ಟ್ ಕಟ್ಟುವ ಮಟ್ಟದಲ್ಲಿ ಇಡಿ. ಅಂಗಡಿಯಲ್ಲಿ ಸಿಗುವ ದಪ್ಪ ದಿಂಬು ಇಡೀ ಮೈಯನ್ನು ಮುಂದಕ್ಕೆ ತಳ್ಳಿ, ತಲೆಯನ್ನು ಹೆಡ್‌ರೆಸ್ಟಿನಿಂದ ದೂರ ಮಾಡುತ್ತದೆ. ಹಿಂದಿನ ಜೇಬಿನ ಪರ್ಸು ತೆಗೆದಿಡಿ, ಎರಡು ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ಓಡಾಡಿ. ಕಾಲಿಗೆ ಇಳಿಯುವ ನೋವು, ಮರಗಟ್ಟುವಿಕೆ ದಿನಗಟ್ಟಲೆ ಉಳಿದರೆ ವೈದ್ಯರಿಗೆ ತೋರಿಸಿ. ಮನೆಯಲ್ಲಿ ಒಂದೇ ಕಾರನ್ನು ಇಬ್ಬರು ಓಡಿಸುವುದಾದರೆ ಇಷ್ಟನ್ನೂ ಪ್ರತಿ ಸಲ ಮಾಡಬೇಕಾಗುತ್ತದೆ. ಗಂಡನ ಅಳತೆಗೆ ನಿಂತಿರುವ ಸೀಟಿನಲ್ಲೇ ಹೆಂಡತಿ ಹೇಗೋ ಸಂಭಾಳಿಸಿಕೊಂಡು ಓಡಿಸುವುದು ನಮ್ಮಲ್ಲಿ ಬಹಳ ಸಾಮಾನ್ಯ. ಸೀಟಿನ ಕೆಳಗಿನ ಸನ್ನೆ ಎತ್ತಿ ಸರಿಪಡಿಸಿಕೊಳ್ಳಲು ಬೇಕಾಗುವುದು ಅರ್ಧ ನಿಮಿಷ.