ಕುರ್ಚಿಗೆ ಬೇಲಿ, ಕುಡುಗೋಲಿಗೆ ಸ್ವಾಗತ

ಶಿಕಾರಿಪುರ ಮತ್ತು ಸೊರಬ ಸೀಮೆಯ ಚರಿತ್ರೆಯನ್ನು ಹೊರಗಿನಿಂದ ಬಂದವರನ್ನು ಬಿಟ್ಟು ಬರೆಯಲಾಗದು. ಬಳ್ಳಿಗಾವೆಯ ಕೋಡಿಯ ಮಠದಲ್ಲಿ ನಾನಾ ಪಂಥಗಳ ಸನ್ಯಾಸಿಗಳಿಗೂ ದೀನರಿಗೂ ಅನ್ನ, ರೋಗಿಗಳಿಗೆ ಔಷಧ ದೊರೆಯುತ್ತಿತ್ತೆಂದು 12ನೇ ಶತಮಾನದ ಶಾಸನ ಹೇಳುತ್ತದೆ. ಸೊರಬ, ಸಾಗರಗಳ ಗಂಧದ ಕೆತ್ತನೆಗೆ ಹೆಸರಾದ ಗುಡಿಗಾರರು ತಮ್ಮ ಹಿರಿಯರು ಗೋವೆಯಿಂದ ಬಂದವರೆಂದು ನಂಬುತ್ತಾರೆ. ಮಲೆನಾಡಿನ ಅಡಿಕೆ ತೋಟಗಳ ದುಡಿಮೆಗೆ ಘಟ್ಟದ ಕೆಳಗಿನಿಂದ ಆಳುಗಳು ಬರಬೇಕಿತ್ತು. ಕಳೆದ ಶತಮಾನದ ಆರಂಭದಲ್ಲಿ ಮಲೇರಿಯಾದಿಂದ ಮಲೆನಾಡಿನ ಜನಸಂಖ್ಯೆ ಕುಗ್ಗುತ್ತಿದ್ದಾಗ, ಬರುವವರನ್ನು ತಡೆಯಿರಿ ಎಂದು ಇಲ್ಲಿ ಯಾರೂ ಕೇಳಲಿಲ್ಲ. ಬರುವವರು ಸಾಲದು ಎಂಬುದೇ ಇಲ್ಲಿನ ಚಿಂತೆಯಾಗಿತ್ತು.

ಆದರೆ ಅದೇ ಕಾಲದಲ್ಲಿ, ಅದೇ ಸಂಸ್ಥಾನದ ಬೆಂಗಳೂರು ಮತ್ತು ಮೈಸೂರಿನಲ್ಲಿ ಬೇರೊಂದು ಕೂಗು ಎದ್ದಿತ್ತು. ಮೈಸೂರು ಮೈಸೂರಿಗರಿಗೇ ಇರಲಿ, ಹೊರಗಿನವರ ನೇಮಕ ನಿಲ್ಲಲಿ ಎಂಬುದು ಆ ಕೂಗಿನ ಸಾರ. ಈ ಎರಡೂ ಲೋಕಗಳ ನಡುವೆ ನಿಂತು ಆಡಳಿತ ನಡೆಸಿದವರು ಮೋಕ್ಷಗುಂಡಂ ವಿಶ್ವೇಶ್ವರಯ್ಯ. ಅಣೆಕಟ್ಟು, ಕಾರ್ಖಾನೆಗಳ ನಿರ್ಮಾಪಕರೆಂದು ನಾವು ಸ್ಮರಿಸುವ ಈ ಮಹನೀಯರ ಬಾಳನ್ನು ಒಳಗಿನವರು ಯಾರು, ಹೊರಗಿನವರು ಯಾರು ಎಂಬ ಪ್ರಶ್ನೆಯ ಬೆಳಕಿನಲ್ಲಿಯೂ ನೋಡಬೇಕಾಗಿದೆ.

ಅವರ ಮನೆತನದ ಹೆಸರಿನಲ್ಲಿರುವ ಮೋಕ್ಷಗುಂಡಂ ಇಂದಿನ ಆಂಧ್ರಪ್ರದೇಶದ ಊರು. ಹಿರಿಯರು ಅಲ್ಲಿಂದ ವಲಸೆ ಬಂದವರು. ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ಯುವಕ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಎಂಜಿನಿಯರಿಂಗ್ ಕಲಿತರು. 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆ ಸೇರಿ, ಎರಡು ದಶಕಗಳಿಗೂ ಮಿಕ್ಕಿ ಹೊರನಾಡಿನಲ್ಲೇ ದುಡಿದರು. ಸಿಂಧ್ ಪ್ರಾಂತದ ಸುಕ್ಕೂರಿಗೆ ನೀರು ಕೊಟ್ಟರು. ಮೂಸಿ ನದಿಯ ಪ್ರವಾಹದಿಂದ ತತ್ತರಿಸಿದ್ದ ಹೈದರಾಬಾದಿಗೆ ನೆರವಾದರು. ಅಲ್ಲೆಲ್ಲ ಅವರು ಹೊರಗಿನವರೇ. ಅವರ ಪ್ರತಿಭೆ ಬೆಳಗಿದ್ದು ಹೊರಗಿನವರಿಗೆ ಬಾಗಿಲು ತೆರೆದಿದ್ದುದರಿಂದ.

ತವರಿನ ಸ್ಥಿತಿ ಬೇರೆಯಿತ್ತು. 1831ರಿಂದ ಅರ್ಧ ಶತಮಾನ ಬ್ರಿಟಿಷ್ ಕಮಿಷನರುಗಳ ಆಡಳಿತ ಕಂಡ ಸಂಸ್ಥಾನ 1881ರಲ್ಲಿ ಒಡೆಯರ ಕೈಗೆ ಮರಳಿತು. ದಿವಾನರಾದ ರಂಗಾಚಾರ್ಲು, ಅವರ ನಂತರದ ಶೇಷಾದ್ರಿ ಅಯ್ಯರ್ ಇಬ್ಬರೂ ಮದ್ರಾಸ್ ಪ್ರಾಂತದಿಂದ ಬಂದವರು. ಅವರ ಕಾಲದಲ್ಲಿ ಅದೇ ಪ್ರಾಂತದ ಇಂಗ್ಲಿಷ್ ಬಲ್ಲ ವಿದ್ಯಾವಂತರು ಕಚೇರಿಗಳನ್ನು ತುಂಬಿದರು. ಸ್ಥಳೀಯ ಪದವೀಧರರು ಇದನ್ನು ಪ್ರಶ್ನಿಸಿದರು. ನಾಡಿನ ತೆರಿಗೆಯಿಂದ ನಡೆಯುವ ಹುದ್ದೆಗಳು ನಾಡಿನವರಿಗೆ ಸಲ್ಲಬೇಕು, ರೈತನ ಭಾಷೆ ಅರಿಯದ ಅಧಿಕಾರಿ ರೈತನ ಕಷ್ಟ ಅರಿಯಲಾರ, ತಡವಾಗಿ ಶಾಲೆ ಕಂಡ ನಾಡು ಸರಿಸಮ ನಿಲ್ಲುವವರೆಗಾದರೂ ಸ್ವಲ್ಪ ಕಾಲ ರಕ್ಷಣೆ ಬೇಕು ಎಂಬುದು ಅವರ ವಾದ. ಈ ವಾದದಲ್ಲಿ ನ್ಯಾಯವಿತ್ತು.

1909ರಲ್ಲಿ ಮುಖ್ಯ ಎಂಜಿನಿಯರಾಗಿ ಮರಳಿದ ವಿಶ್ವೇಶ್ವರಯ್ಯ 1912ರಲ್ಲಿ ದಿವಾನರಾದಾಗ ಮೈಸೂರಿಗರು ತಮ್ಮವನೊಬ್ಬ ಮೇಲೇರಿದನೆಂದು ಸಂಭ್ರಮಿಸಿದರು. ಬೇಲಿ ಕಟ್ಟುವುದಕ್ಕಿಂತ ಮಿಗಿಲಾದ ಉತ್ತರವನ್ನು ಅವರು ಕೊಟ್ಟರು. 1913ರಲ್ಲಿ ಮೈಸೂರು ಬ್ಯಾಂಕ್, 1916ರಲ್ಲಿ ವಿಶ್ವವಿದ್ಯಾಲಯ ಸ್ಥಾಪನೆಯಾದವು. ಕಡ್ಡಾಯ ಪ್ರಾಥಮಿಕ ಶಿಕ್ಷಣಕ್ಕೆ ಕಾಯಿದೆ ಬಂತು. ಕ್ಷೀಣಿಸುತ್ತಿದ್ದ ಮಲೆನಾಡಿಗಾಗಿ ಅಭಿವೃದ್ಧಿ ಯೋಜನೆ ರೂಪುಗೊಂಡಿತು. ನಾಡಿನವರು ಸಮರ್ಥರಾದರೆ ಹೊರಗಿನವರ ಭಯವೇ ಇರದು ಎಂಬುದು ಅವರ ಆಡಳಿತದ ತರ್ಕವಾಗಿತ್ತು.

ಆದರೆ ಮೈಸೂರಿಗರು ಎಂದರೆ ಯಾರು? ಹೊರಗಿನವರು ಬಿಟ್ಟ ಕುರ್ಚಿಗಳಲ್ಲಿ ಕುಳಿತವರು ಬಹುಪಾಲು ಸ್ಥಳೀಯ ಬ್ರಾಹ್ಮಣರು. ಮೈಸೂರಿಗರ ಹೆಸರಿನಲ್ಲಿ ಎದ್ದ ಕೂಗಿನ ಫಲ ಒಕ್ಕಲಿಗರಿಗೆ, ಲಿಂಗಾಯತರಿಗೆ, ಮುಸ್ಲಿಮರಿಗೆ, ಅಸ್ಪೃಶ್ಯರೆನಿಸಿಕೊಂಡವರಿಗೆ ತಲುಪಿರಲಿಲ್ಲ. 1917ರಲ್ಲಿ ಹುಟ್ಟಿದ ಪ್ರಜಾಮಿತ್ರ ಮಂಡಳಿ ಇದನ್ನೇ ಮುಂದಿಟ್ಟಿತು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯ ಸಮಿತಿ ನೇಮಿಸಿದರು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಕನಿಷ್ಠ ಅರ್ಧ, ಕೆಳಗಿನವುಗಳಲ್ಲಿ ಮೂರನೇ ಎರಡು ಪಾಲು ಹಿಂದುಳಿದ ಸಮುದಾಯಗಳಿಗೆ ಸಿಗಬೇಕೆಂದು ಅದು 1919ರಲ್ಲಿ ಶಿಫಾರಸು ಮಾಡಿತು.

ವಿಶ್ವೇಶ್ವರಯ್ಯನವರಿಗೆ ಈ ಹಾದಿ ಒಪ್ಪಿಗೆಯಾಗಲಿಲ್ಲ. ಹಿಂದುಳಿದವರಿಗೆ ಶಿಕ್ಷಣ ಕೊಡೋಣ, ಹುದ್ದೆಗೆ ಮಾತ್ರ ಅರ್ಹತೆಯೇ ಅಳತೆಯಾಗಲಿ ಎಂಬ ನಿಲುವಿನಿಂದ ಅವರು ಕದಲಲಿಲ್ಲ. ವರದಿ ಬರುವ ಮುನ್ನವೇ ಅಧಿಕಾರ ತೊರೆದರು. ಅಧಿಕಾರಕ್ಕೆ ಅಂಟಿಕೊಳ್ಳದ ಆ ನಿಷ್ಠುರತೆ ಗೌರವಾರ್ಹ. ಆದರೂ ಮದ್ರಾಸಿನವರೆದುರು ಮೈಸೂರಿಗರು ಹೂಡಿದ್ದ ವಾದವನ್ನೇ ಹಿಂದುಳಿದವರು ಹೂಡಿದಾಗ ಅದರಲ್ಲಿನ ನ್ಯಾಯ ಅವರಿಗೆ ಕಾಣಲಿಲ್ಲ ಎಂಬುದನ್ನು ಮರೆಮಾಚಬೇಕಿಲ್ಲ.

ರಾಜೀನಾಮೆಯ ನಂತರ ಅವರು ಜಪಾನ್, ಅಮೆರಿಕ, ಯೂರೋಪುಗಳನ್ನು ಸುತ್ತಿದರು. ಅಮೆರಿಕವು 1917ರ ಕಾಯಿದೆಯಿಂದ ಭಾರತೀಯರೂ ಸೇರಿದಂತೆ ಬಹುಪಾಲು ಏಷ್ಯನ್ನರ ವಲಸೆಗೆ ಬಾಗಿಲು ಮುಚ್ಚಿತ್ತು. ಯುದ್ಧಾನಂತರದ ನಿರುದ್ಯೋಗದ ನೆಪದಲ್ಲಿ 1921ರಲ್ಲಿ ಯೂರೋಪಿನ ವಲಸೆಗೂ ಮಿತಿ ಹಾಕಿತು. ತಾತ್ಕಾಲಿಕ ಎನ್ನಲಾದ ಆ ಕಾಯಿದೆ ವಿಸ್ತರಣೆಗೊಂಡು, 1924ರಲ್ಲಿ ಇನ್ನಷ್ಟು ಬಿಗಿಯಾಗಿ, 1965ರವರೆಗೆ ಆ ದೇಶದ ನೀತಿಯಾಗಿ ಉಳಿಯಿತು. ಎರಡೂ ಕಡೆ ಕಾಲಮಿತಿಯ ಮಾತಿತ್ತು, ಆದರೆ ಉದ್ದೇಶ ಒಂದೇ ಆಗಿರಲಿಲ್ಲ. ಅಮೆರಿಕದ ಮಿತಿ ಹೊರಗಿದ್ದವರನ್ನು ಹೊರಗೇ ಇಟ್ಟಿತು. ಮಿಲ್ಲರ್ ಸಮಿತಿಯ ಮಿತಿ ನಾಡಿನೊಳಗೇ ಹೊರಗುಳಿದವರನ್ನು ಒಳಗೆ ತಂದಿತು.

ವಿಶ್ವೇಶ್ವರಯ್ಯ 1962ರಲ್ಲಿ ತೀರಿಕೊಂಡರು. ಪ್ರಶ್ನೆ ತೀರಲಿಲ್ಲ. ಖಾಸಗಿ ಉದ್ಯೋಗಗಳಲ್ಲಿ ಸ್ಥಳೀಯರಿಗೆ ಮೀಸಲು ನೀಡುವ ಮಸೂದೆಗೆ 2024ರ ಜುಲೈನಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟು, ಕೆಲವೇ ದಿನಗಳಲ್ಲಿ ತಡೆಹಿಡಿಯಿತು. ಮಲೆನಾಡಿನ ಮಕ್ಕಳು ಕೆಲಸಕ್ಕಾಗಿ ಬೆಂಗಳೂರಿಗೆ ಹೋಗುತ್ತಿದ್ದಾರೆ, ಮಲೆನಾಡಿನ ತೋಟಗಳಿಗೆ ಅಸ್ಸಾಂ, ಬಿಹಾರದ ಕಾರ್ಮಿಕರು ಬರುತ್ತಿದ್ದಾರೆ. ಕುಡುಗೋಲು ಹಿಡಿಯಲು ಬಂದವನ ಊರನ್ನು ಅಂದೂ ಕೇಳಲಿಲ್ಲ, ಇಂದೂ ಕೇಳುತ್ತಿಲ್ಲ. ಕುರ್ಚಿಗೆ ಬಂದವನ ಊರನ್ನಷ್ಟೇ ಕೇಳುತ್ತೇವೆ. ಸ್ಥಳೀಯರಿಗೆ ರಕ್ಷಣೆ ಬೇಕಾಗಬಹುದು. ಆದರೆ ಅದನ್ನು ಕೇಳುವ ಮುನ್ನ, ಆ ಸ್ಥಳೀಯರಲ್ಲಿ ಯಾರು ಇನ್ನೂ ಬಾಗಿಲಾಚೆ ನಿಂತಿದ್ದಾರೆಂದು ನೋಡಬೇಕು. ನಮ್ಮ ನಾಡಿನ ಅತ್ಯಂತ ದೂರದೃಷ್ಟಿಯ ಆಡಳಿತಗಾರರೂ ನೋಡದೆ ಉಳಿದದ್ದು ಅದನ್ನೇ.