ವಿಕ್ರಮ ಸಾರಾಭಾಯಿಯವರೂ ಸರಕಾರದ ಉಡಾವಣಾ ನೆಲೆಗಳೂ

ಶ್ರೀಹರಿಕೋಟೆಯ ಸರಕಾರೀ ಉಡಾವಣಾ ನೆಲೆಯನ್ನು ಖಾಸಗಿ ಕಂಪೆನಿಗಳವರ ಉಪಯೋಗಕ್ಕೆ ತೆರೆದಿಟ್ಟುದು ಸರಿಯೇ ಎಂಬ ಚರ್ಚೆಯು 2020ರಿಂದಲೂ ವಿದ್ಯಾವಂತರಲ್ಲಿ ನಡೆಯುತ್ತಲೇ ಇದೆ. ಆ ವರ್ಷದ ಜೂನ್ ತಿಂಗಳಲ್ಲಿ ಭಾರತ ಸರಕಾರದವರು ಇನ್‌ಸ್ಪೇಸ್ ಎಂಬ ಸಂಸ್ಥೆಗೆ ಒಪ್ಪಿಗೆಯಿತ್ತು, ಕಂಪೆನಿಗಳಿಗೆ ಅನುಮತಿ ಕೊಡುವ ಭಾರವನ್ನು ಅದಕ್ಕೆ ವಹಿಸಿದರು. 2022ನೆಯ ನವೆಂಬರ್ 18ರಂದು ಹೈದರಾಬಾದಿನ ಸ್ಕೈರೂಟ್ ಕಂಪೆನಿಯವರು ಶ್ರೀಹರಿಕೋಟೆಯಿಂದ ತಮ್ಮ ಮೊದಲನೆಯ ರಾಕೆಟ್ಟನ್ನು 89 ಕಿಲೋಮೀಟರಿಗೂ ಮಿಕ್ಕ ಎತ್ತರಕ್ಕೆ ಹಾರಿಸಿದರು. ಅದಕ್ಕೆ ಅವರಿಟ್ಟ ಹೆಸರು ವಿಕ್ರಮ. ಆ ಹೆಸರಿನ ಮಹನೀಯರು ಗತಿಸಿ ಅರ್ಧ ಶತಮಾನವೇ ಕಳೆದಿದೆ. ಅವರು ಕಟ್ಟಿದ ಸಾರ್ವಜನಿಕ ಸ್ವತ್ತಿನಲ್ಲಿ ವರ್ತಕರಿಗೆ ಎಡೆಗೊಟ್ಟು, ಅವರ ಹೆಸರನ್ನೇ ಅದಕ್ಕೆ ಮುದ್ರೆಯಾಗಿ ಒತ್ತುವುದು ಅಪಚಾರವೆನ್ನುವವರುಂಟು. ಹಾಗೆನ್ನುವವರು ಅವರ ಜೀವಿತವನ್ನು ತುಸು ಪರಿಶೀಲಿಸಬೇಕೆಂದು ನಾವು ಕೋರುತ್ತೇವೆ.

ವಿಕ್ರಮ ಸಾರಾಭಾಯಿಯವರು 1919ನೆಯ ಆಗಸ್ಟ್ 12ರಂದು ಅಹಮದಾಬಾದಿನಲ್ಲಿ ಜನಿಸಿದರು. ತಂದೆ ಅಂಬಾಲಾಲರು ಕ್ಯಾಲಿಕೋ ಬಟ್ಟೆಯ ಗಿರಣಿಯ ಒಡೆಯರು. ಆ ಮನೆತನದ ರೀತಿಯೇ ವಿಲಕ್ಷಣವಾದುದು. 1918ರಲ್ಲಿ ಆ ನಗರದ ಗಿರಣಿ ಕೂಲಿಗಾರರು ಮುಷ್ಕರ ಹೂಡಿದಾಗ ಮಾಲಿಕರ ಪಕ್ಷದ ಮುಂದಾಳು ಅಂಬಾಲಾಲರಾದರೆ, ಕೂಲಿಗಾರರ ಪಕ್ಷದಲ್ಲಿ ಗಾಂಧೀಜಿಯವರೊಡನೆ ನಿಂತವರು ಅವರ ಒಡಹುಟ್ಟಿದ ಅನಸೂಯಾಬೆನ್. ಹೀಗೆ ವ್ಯಾಪಾರವನ್ನೂ ಲೋಕಹಿತವನ್ನೂ ಒಂದೇ ಕುಟುಂಬದೊಳಗೆ ಕಂಡು ಬೆಳೆದ ಹುಡುಗನಿಗೆ ಇವೆರಡೂ ಎಣ್ಣೆ ಸೀಗೆಕಾಯಿಯೆಂದು ತೋರದೆ ಹೋದುದು ಆಶ್ಚರ್ಯವಲ್ಲ.

ವ್ಯಾಸಂಗಕ್ಕೆ ಕೇಂಬ್ರಿಜ್ಜಿಗೆ ಹೋಗಿದ್ದ ಅವರು, ಮಹಾಯುದ್ಧ ಆರಂಭವಾದುದರಿಂದ ಸ್ವದೇಶಕ್ಕೆ ಮರಳಿ, ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸರ್ ಸಿ. ವಿ. ರಾಮನ್ನರ ಮಾರ್ಗದರ್ಶನದಲ್ಲಿ ವಿಶ್ವಕಿರಣಗಳ ಸಂಶೋಧನೆ ನಡೆಸಿದರು. ಹೋಮಿ ಭಾಭಾರವರ ಸ್ನೇಹವು ಬೆಳೆದುದೂ ಇಲ್ಲಿಯೇ. ಯುದ್ಧ ಮುಗಿದ ಬಳಿಕ ಪುನಃ ಕೇಂಬ್ರಿಜ್ಜಿಗೆ ಹೋಗಿ 1947ರಲ್ಲಿ ಡಾಕ್ಟರ್ ಪದವಿಯನ್ನು ಪಡೆದರು. ಅದೇ ವರ್ಷ ಅಹಮದಾಬಾದಿನ ಒಂದು ಕಾಲೇಜಿನ ಕೊಠಡಿಗಳಲ್ಲಿ ಭೌತ ಸಂಶೋಧನಾಲಯವನ್ನು ಆರಂಭಿಸಿದಾಗ ಅವರಿಗೆ ಇಪ್ಪತ್ತೆಂಟು ವರ್ಷ. ಗಿರಣಿ ಮಾಲಿಕರನ್ನು ಒಟ್ಟುಗೂಡಿಸಿ ನೂಲು ಬಟ್ಟೆಗಳ ಸಂಶೋಧನೆಗಾಗಿ ಅಟಿರಾ ಎಂಬ ಸಂಸ್ಥೆಯನ್ನು ಕಟ್ಟಿದರು. ಮನೆತನದ ಔಷಧ ತಯಾರಿಕೆಯ ಉದ್ಯಮವನ್ನೂ ನಡೆಸಿದರು. ಬೆಳಿಗ್ಗೆ ಪ್ರಯೋಗಶಾಲೆ, ಮಧ್ಯಾಹ್ನ ಕಾರ್ಖಾನೆ ಎಂಬಂತಿದ್ದ ಈ ಜೀವನವನ್ನು ಗೊಂದಲವೆಂದು ಬಗೆದವರೂ ಇದ್ದಿರಬಹುದು. ನಮಗೆ ಮಾತ್ರ ಇದು ಮುಂದಿನ ಕಾರ್ಯಕ್ಕೆ ಒದಗಿದ ಅಭ್ಯಾಸವೆಂದೇ ತೋರುತ್ತದೆ.

1962ರಲ್ಲಿ ಬಾಹ್ಯಾಕಾಶ ಸಂಶೋಧನೆಗಾಗಿ ಸರಕಾರದವರು ನೇಮಿಸಿದ ರಾಷ್ಟ್ರೀಯ ಸಮಿತಿಗೆ ಇವರೇ ಅಧ್ಯಕ್ಷರಾದರು. ಭೂಕಾಂತದ ಸಮಭಾಜಕ ರೇಖೆಯು ತಿರುವನಂತಪುರದ ಸಮೀಪದಲ್ಲಿ ಹಾದುಹೋಗುವುದರಿಂದ, ಆ ರೇಖೆಯ ಮೇಲಿನ ವಾಯುಮಂಡಲವನ್ನು ಪರೀಕ್ಷಿಸಲು ತುಂಬಾ ಎಂಬ ಬೆಸ್ತರ ಹಳ್ಳಿಯು ಅತ್ಯಂತ ಪ್ರಶಸ್ತವೆಂದು ಕಂಡುಬಂದಿತು. ಆ ನೆಲದಲ್ಲಿ ಸಂತ ಮೇರಿ ಮ್ಯಾಗ್ಡಲೀನರ ಇಗರ್ಜಿಯಿತ್ತು. ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾರವರು ಜನರನ್ನು ಕೇಳಿ, ಅವರ ಸಮ್ಮತಿಯಿಂದ ಸ್ಥಳವನ್ನು ಬಿಟ್ಟುಕೊಟ್ಟರು. ಇಗರ್ಜಿಯೇ ಕಚೇರಿಯಾಯಿತು, ರಾಕೆಟ್ಟಿನ ಭಾಗಗಳನ್ನು ಸೈಕಲ್ಲಿನ ಮೇಲೆ ಸಾಗಿಸಿದರು. 1963ನೆಯ ನವೆಂಬರ್ 21ರ ಸಂಜೆ ಅಲ್ಲಿಂದ ಮೊದಲನೆಯ ರಾಕೆಟ್ಟು ಮೇಲೆದ್ದಿತು.

ಆ ರಾಕೆಟ್ಟು ಯಾರದು? ಅಮೆರಿಕದ್ದು. ಅದರ ತುದಿಯಲ್ಲಿಟ್ಟಿದ್ದ ಸೋಡಿಯಂ ಆವಿಯ ಉಪಕರಣವು ಫ್ರಾನ್ಸಿನದು. ನಮ್ಮದಾಗಿದ್ದುದು ನೆಲ ಮತ್ತು ಜನ. 1968ನೆಯ ಫೆಬ್ರವರಿ 2ರಂದು ಆ ನೆಲೆಯನ್ನು ವಿಶ್ವಸಂಸ್ಥೆಗೆ ಸಮರ್ಪಿಸಿ, ಎಲ್ಲ ದೇಶಗಳ ವಿಜ್ಞಾನಿಗಳಿಗೂ ಬಾಗಿಲು ತೆರೆದರು. ರಷ್ಯದವರೂ ಬಂದರು. ಅನ್ಯರಿಗೆ ಎಡೆಕೊಡುವುದು ಸಾರಾಭಾಯಿಯವರಿಗೆ ಸಂಕೋಚದ ವಿಷಯವಾಗಿರಲಿಲ್ಲವೆಂಬುದಕ್ಕೆ ಬೇರೆ ಪ್ರಮಾಣ ಬೇಕಿಲ್ಲ. ಆದರೆ ಬಂದವರು ಹೋಗುವಷ್ಟರಲ್ಲಿ ನಮ್ಮ ಹುಡುಗರು ಏನನ್ನಾದರೂ ಕಲಿತಿರಬೇಕೆಂಬುದು ಅವರ ನಿಯಮವಾಗಿತ್ತು. ತರುಣ ಎಂಜಿನಿಯರುಗಳನ್ನು ಅಮೆರಿಕಕ್ಕೆ ತರಬೇತಿಗೆ ಕಳುಹಿಸಿದರು. ಫ್ರಾನ್ಸಿನ ಸೆಂತೂರ್ ರಾಕೆಟ್ಟನ್ನು ಇಲ್ಲಿಯೇ ತಯಾರಿಸುವ ಹಕ್ಕನ್ನು ಪಡೆದರು. 1967ರಲ್ಲಿ ರೋಹಿಣಿ ಎಂಬ ಸ್ವದೇಶೀ ರಾಕೆಟ್ಟು ಅದೇ ತುಂಬಾದಿಂದ ಹಾರಿತು. ಅತಿಥಿಗೆ ಕೊಟ್ಟ ನೆಲದಿಂದ ಅವರು ವಸೂಲು ಮಾಡಿದ ಬಾಡಿಗೆಯು ಇದೇ. 1969ರಲ್ಲಿ ಅಮೆರಿಕದವರೊಡನೆ ಮಾಡಿಕೊಂಡ ಕರಾರೂ ಇಂಥದೇ. ಅದರ ಫಲವಾಗಿ 1975-76ರಲ್ಲಿ ಅವರ ಉಪಗ್ರಹದ ಮೂಲಕ ನಮ್ಮ ಕರ್ನಾಟಕವೂ ಸೇರಿದಂತೆ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟೆಲಿವಿಷನ್ ಪಾಠಗಳು ಬಂದವು. ಅದನ್ನು ನೋಡಲು ಸಾರಾಭಾಯಿಯವರು ಇರಲಿಲ್ಲ.

1966ರಲ್ಲಿ ಭಾಭಾರವರು ವಿಮಾನಾಪಘಾತಕ್ಕೆ ತುತ್ತಾದ ಮೇಲೆ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷತೆಯೂ ಇವರ ಹೆಗಲಿಗೆ ಬಿದ್ದಿತು. ಒಬ್ಬರ ಮೇಲೆ ಇಷ್ಟು ಹೊರೆಯನ್ನು ಹೊರಿಸಿದುದು ವಿವೇಕವೆಂದು ನಾವು ಒಪ್ಪಲಾರೆವು. ಅದರ ನಡುವೆಯೇ 1969ನೆಯ ಆಗಸ್ಟ್ 15ರಂದು ಇಸ್ರೋ ಸಂಸ್ಥೆಯು ಸ್ಥಾಪಿತವಾಯಿತು. ಭೂಮಿಯು ಪೂರ್ವಾಭಿಮುಖವಾಗಿ ತಿರುಗುವ ವೇಗವು ಉಪಗ್ರಹವನ್ನೇರಿಸುವ ರಾಕೆಟ್ಟಿಗೆ ಒದಗಬೇಕು, ಕಳಚಿದ ಭಾಗಗಳು ಸಮುದ್ರಕ್ಕೆ ಬೀಳಬೇಕು ಎಂಬ ಕಾರಣಗಳಿಂದ ಪೂರ್ವ ಕರಾವಳಿಯ ಶ್ರೀಹರಿಕೋಟೆ ದ್ವೀಪವನ್ನು ಆರಿಸಿದರು. 1971ನೆಯ ಅಕ್ಟೋಬರ್ 9ರಂದು ಅಲ್ಲಿಂದ ಮೊದಲನೆಯ ಸಣ್ಣ ರಾಕೆಟ್ಟು ಹಾರಿತು. ಮೂರು ತಿಂಗಳು ತುಂಬುವ ಮೊದಲೇ, ಡಿಸೆಂಬರ್ 30ರಂದು, ಕೋವಳದಲ್ಲಿ ತಮ್ಮ ಐವತ್ತೆರಡನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಶ್ರೀಹರಿಕೋಟೆಯಿಂದ ಭಾರತದ ರಾಕೆಟ್ಟು ಉಪಗ್ರಹವೊಂದನ್ನು ಕಕ್ಷೆಗೇರಿಸಿದುದು 1980ನೆಯ ಜುಲೈ 18ರಂದು.

ಅಲ್ಲಿಂದೀಚೆಗೆ ಆ ನೆಲೆಯಲ್ಲಿ ಸರಕಾರವು ಅಪಾರ ದ್ರವ್ಯವನ್ನು ವೆಚ್ಚ ಮಾಡಿದೆ. ಆದರೂ ಉಪಗ್ರಹಗಳನ್ನೇರಿಸುವ ಉಡಾವಣೆಗಳು 2024ರವರೆಗೆ ಯಾವ ವರ್ಷದಲ್ಲಿಯೂ ಹತ್ತನ್ನು ಮುಟ್ಟಿಲ್ಲ. ಇಂಥ ನೆಲೆಯು ಉಳಿದ ದಿನಗಳಲ್ಲಿ ಸುಮ್ಮನಿರುವುದಕ್ಕಿಂತ ಚೆನ್ನೈಯ ಅಗ್ನಿಕುಲ್ ಕಂಪೆನಿಯವರು ಅಲ್ಲಿ ತಮ್ಮದೇ ವೇದಿಕೆಯನ್ನು ಕಟ್ಟಿಕೊಂಡು 2024ನೆಯ ಮೇ 30ರಂದು ರಾಕೆಟ್ಟು ಹಾರಿಸಿದುದು ನಮಗೆ ಮೇಲಾಗಿಯೇ ಕಾಣುತ್ತದೆ. ನಮ್ಮ ಆಕ್ಷೇಪಣೆಯು ಬಾಗಿಲು ತೆರೆದುದಕ್ಕಲ್ಲ. ಕಂಪೆನಿಯು ತೆರುವ ಬಾಡಿಗೆಯೆಷ್ಟು, ಅಪಘಾತವಾದರೆ ಹೊಣೆಗಾರರಾರು, ಸರಕಾರದ ವಿಜ್ಞಾನಿಗಳು ಕಲಿಸಿದುದಕ್ಕೆ ಪ್ರತಿಯಾಗಿ ದೇಶಕ್ಕೆ ಬರುವುದೇನು ಎಂಬುವನ್ನು ತೆರಿಗೆ ಕೊಡುವ ಪ್ರಜೆಯು ಓದಿ ತಿಳಿಯುವಂತಿರಬೇಕು. ತುಂಬಾದ ಬೆಸ್ತರು ಬಿಟ್ಟುಕೊಟ್ಟ ನೆಲ, ಶ್ರೀಹರಿಕೋಟೆಯಿಂದ ತೆರವಾದ ಯಾನಾದಿ ಜನರು ಬಿಟ್ಟುಹೋದ ನೆಲ ದೇಶದ ಕಾರ್ಯಕ್ಕೆಂದು ಪಡೆದುದು. ಅದರಿಂದ ಕಂಪೆನಿಗಳಿಗೆ ಲಾಭ ಬರುವುದಾದರೆ ಆ ಜನರ ಮಕ್ಕಳ ವಿದ್ಯಾಭ್ಯಾಸಕ್ಕೂ ಉದ್ಯೋಗಕ್ಕೂ ಒಂದು ಪಾಲು ಕರಾರಿನಲ್ಲಿಯೇ ಬರೆದಿರಲಿ. ತಮಿಳುನಾಡಿನ ಕುಲಶೇಖರಪಟ್ಟಣದಲ್ಲಿ 2024ನೆಯ ಫೆಬ್ರವರಿ 28ರಂದು ಎರಡನೆಯ ನೆಲೆಗೆ ಶಂಕುಸ್ಥಾಪನೆಯಾಗಿದೆ. ಅಲ್ಲಿ ಕಂಪೆನಿಗಳೊಡನೆ ಮಾಡಿಕೊಳ್ಳುವ ಕರಾರುಗಳಲ್ಲಿಯೂ ಈ ಷರತ್ತು ಮೊದಲಿನಿಂದಲೇ ಸೇರಿರಬೇಕೆಂದು ಸರಕಾರದವರನ್ನು ನಾವು ಒತ್ತಾಯಪಡಿಸುತ್ತೇವೆ.