ಹೆರ್ಮನ್ ಹೆಸ್ಸೆಯೂ ಆತನ ತಂದೆಯೂ

ಬಾಸೆಲ್ ಮಿಶನ್ನಿನ ಹೆಸರನ್ನು ಕೇಳದವರು ನಮ್ಮ ಸಭೆಗಳಲ್ಲಿ ವಿರಳ. 1869ರಲ್ಲಿ ಆ ಮಿಶನ್ನಿನ ಸೇವೆಗಾಗಿ ಹೊರಟ ಯೋಹಾನ್ನೆಸ್ ಹೆಸ್ಸೆ ಎಂಬವರು ಮಂಗಳೂರಿನಲ್ಲಿ ದುಡಿದು, ದೇಹಸ್ಥಿತಿ ಕೆಟ್ಟದ್ದರಿಂದ 1873ರಲ್ಲಿ ಯೂರೋಪಿಗೆ ಹಿಂದಿರುಗಿದರು. ಅಲ್ಲಿ ಮಲಯಾಳ ನಿಘಂಟಿನ ಕರ್ತರಾದ ಗುಂಡರ್ಟ್ ಪಂಡಿತರ ಮಗಳನ್ನು ವಿವಾಹವಾದರು. ಇವರ ಮಗ ಹೆರ್ಮನ್ನನು 1877ನೆಯ ಜುಲೈ 2ರಂದು ಜರ್ಮನಿಯ ಕಾಲ್ವ್ ಎಂಬ ಊರಿನಲ್ಲಿ ಜನಿಸಿದನು.

ಬಾಲಕನು ಚುರುಕಾದವನು, ಹಟವೂ ಹೆಚ್ಚು. ಮಕ್ಕಳ ಸ್ವಂತ ಇಚ್ಛೆಯನ್ನು ಮುರಿಯುವುದೇ ಭಕ್ತಿಯ ಶಿಕ್ಷಣವೆಂದು ಆ ಕಾಲದಲ್ಲಿ ಅಂಥ ಮನೆಗಳವರು ನಂಬಿದ್ದರು. ಮಗನು ಆರು ವರುಷದವನಾಗಿದ್ದಾಗಲೇ ಅವನನ್ನು ಪರರ ವಶಕ್ಕೆ ಒಪ್ಪಿಸೋಣವೇ ಎಂದು ತಂದೆಯು ಆಲೋಚಿಸಿದ್ದುಂಟು. ಅವನು ಬೋಧಕನಾಗಬೇಕೆಂಬುದು ಹಿರಿಯರ ತೀರ್ಮಾನ. ಕವಿಯಾಗಬೇಕು, ಇಲ್ಲವೆ ಏನೂ ಆಗಬಾರದೆಂಬುದು ಅವನ ತೀರ್ಮಾನ.

1891ರಲ್ಲಿ ಅವನನ್ನು ಮೌಲ್‌ಬ್ರಾನ್ ವೇದಪಾಠಶಾಲೆಗೆ ಸೇರಿಸಿದರು. ಮರುವರುಷದ ಮಾರ್ಚಿಯಲ್ಲಿ ಅವನು ಅಲ್ಲಿಂದ ಓಡಿಹೋಗಿ ಒಂದು ರಾತ್ರಿಯನ್ನು ಚಳಿಯಲ್ಲಿ, ಬಯಲಿನಲ್ಲಿ ಕಳೆದನು. ಜೂನಿನಲ್ಲಿ ಪ್ರಾಣವನ್ನು ಕಳೆದುಕೊಳ್ಳಲೂ ಯತ್ನಿಸಿದನು. ಬಳಿಕ ತಂದೆತಾಯಿಗಳು ಅವನನ್ನು ಷ್ಟೆಟ್ಟೆನ್ ಎಂಬಲ್ಲಿ ಮನೋರೋಗಿಗಳ ಆಶ್ರಮದಲ್ಲಿರಿಸಿದರು. ಅಲ್ಲಿಂದ ಸೆಪ್ಟೆಂಬರಿನಲ್ಲಿ ಬರೆದ ಕಾಗದದಲ್ಲಿ 15 ವರುಷದ ಮಗನು ಹೆತ್ತ ತಂದೆಯನ್ನು ಪರಕೀಯರನ್ನು ಸಂಬೋಧಿಸುವಂತೆ ಸಂಬೋಧಿಸಿದನು. ಸಮುದ್ರವನ್ನು ದಾಟಿ ಅನ್ಯಜನರಿಗೆ ಬೋಧಿಸಲು ಬಂದಿದ್ದವರಿಗೆ ಮನೆಯ ಮಗನ ಮಾತೇ ತಿಳಿಯದೆ ಹೋಯಿತು!

ಹೆರ್ಮನ್ನನು ಗಡಿಯಾರದ ಕಾರ್ಖಾನೆಯಲ್ಲಿಯೂ ಆಮೇಲೆ ಪುಸ್ತಕದಂಗಡಿಯಲ್ಲಿಯೂ ಕೆಲಸ ಕಲಿತು, ಬರೆಯುತ್ತಲೇ ಇದ್ದು, 1904ರಲ್ಲಿ ಪ್ರಸಿದ್ಧನಾದನು. ತಂದೆಯ ಮತ್ತು ಗುರುಗಳ ಒತ್ತಾಯದಡಿ ನುಗ್ಗಾಗುವ ಹುಡುಗನ ಕಥೆಯೊಂದನ್ನು 1906ರಲ್ಲಿ ಪ್ರಕಟಿಸಿದನು. 1916ರಲ್ಲಿ ತಂದೆಯು ತೀರಿಕೊಂಡಾಗ ಅವನ ಮನಸ್ಸು ಕುಸಿದುಬಿದ್ದು, ವೈದ್ಯನ ಆಶ್ರಯ ಬೇಕಾಯಿತು. ಆದಾಗ್ಯೂ ಅದೇ ವರುಷ ತಂದೆಯನ್ನು ಸ್ಮರಿಸಿ ಪ್ರೀತಿಯಿಂದ ಲೇಖನ ಬರೆದನು. 1922ರಲ್ಲಿ ಸಿದ್ಧಾರ್ಥ ಎಂಬ ಕಥೆಯನ್ನು ಪ್ರಕಟಿಸಿದನು. 1946ರಲ್ಲಿ ನೊಬೆಲ್ ಬಹುಮಾನ ಹೊಂದಿ, 1962ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಮೃತನಾದನು. ತಂದೆತಾಯಿಗಳ ಬೋಧನೆಗಿಂತ ಅವರು ತ್ಯಾಗದಿಂದ ನಡೆದ ಬಾಳೇ ತನ್ನನ್ನು ರೂಪಿಸಿತೆಂದು ಮುಂದೆ ಒಪ್ಪಿಕೊಂಡಿದ್ದನು.

ಪ್ರಿಯ ವಾಚಕರೇ, ಈ ತಂದೆಯು ದುಷ್ಟನಲ್ಲ. ಮಗನ ಹಿತವನ್ನೇ ಕೋರಿದವನು. ಅದಕ್ಕಾಗಿಯೇ ನಾವು ಈ ಚರಿತ್ರೆಯನ್ನು ಎಚ್ಚರದಿಂದ ಓದತಕ್ಕದ್ದು. ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯಲ್ಲಿ ಅಪೊಸ್ತಲನು ಮಕ್ಕಳಿಗೆ ವಿಧೇಯತೆಯನ್ನು ಕಲಿಸಿದ ಒಡನೆ ತಂದೆಗಳಿಗೂ ಬುದ್ಧಿ ಹೇಳಿದ್ದಾನೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ನಮಗೆ ತೋಟವೇ ಸಾಕ್ಷಿ. ಬೆಳೆದ ತೆಂಗಿನ ಬುಡದಲ್ಲಿಯೇ ಸಸಿಯನ್ನು ನೆಟ್ಟರೆ ಅದು ಬೆಳಕನ್ನು ಹುಡುಕುತ್ತಾ ಸೊಟ್ಟಗೆ ಏಳುತ್ತದೆ. ನೀರನ್ನು ಕೊಡೋಣ, ಅಂತರವನ್ನೂ ಕೊಡೋಣ.